ಬ್ಯಾಕ್ಟೀರಿಯಾದ ಸಕ್ಕರೆ ಹೊದಿಕೆ ನಮ್ಮ ದೇಹಕ್ಕೆ ಹೇಗೆ ಕಾಣುತ್ತದೆ?

1974ರಲ್ಲಿ ಫಿನ್‌ಲ್ಯಾಂಡಿನಲ್ಲಿ ಮೆನಿಂಜೈಟಿಸ್ ಹಾವಳಿ ಎದ್ದಿತ್ತು. ಮಿದುಳಿನ ಸುತ್ತಲಿನ ಪೊರೆಗೆ ಸೋಂಕು ತಗುಲಿ, ಒಂದೆರಡು ದಿನದಲ್ಲೇ ಜೀವ ತೆಗೆಯಬಲ್ಲ ಕಾಯಿಲೆ ಇದು. ಅಲ್ಲಿನ ವೈದ್ಯರು ಮೂರು ತಿಂಗಳ ಕೂಸಿನಿಂದ ಹಿಡಿದು ಐದು ವರ್ಷದವರೆಗಿನ ಸುಮಾರು 1 ಲಕ್ಷ ಮಕ್ಕಳಿಗೆ ಲಸಿಕೆ ಹಾಕಿದರು. ಅರ್ಧದಷ್ಟು ಮಕ್ಕಳಿಗೆ ಮೆನಿಂಗೊಕಾಕಸ್ ಎ ಅನ್ನುವ ಬ್ಯಾಕ್ಟೀರಿಯಾದ ಲಸಿಕೆ. ಉಳಿದವರಿಗೆ ಹಿಮೋಫಿಲಸ್ ಇನ್‌ಫ್ಲುಯೆಂಜಾ ಟೈಪ್ ಬಿ, ಚಿಕ್ಕದಾಗಿ ಹಿಬ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾದ ಲಸಿಕೆ. ಎರಡರಲ್ಲೂ ಇದ್ದದ್ದು ಒಂದೇ ಬಗೆಯ ಸರಕು: ಬ್ಯಾಕ್ಟೀರಿಯಾದ ಮೈಮೇಲಿನ ಸಕ್ಕರೆಯನ್ನು ಬಿಡಿಸಿ, ಶುದ್ಧ ಮಾಡಿ ತುಂಬಿದ್ದು.

ಹಿಬ್ ಲಸಿಕೆಯ ಫಲಿತಾಂಶ ವಿಚಿತ್ರವಾಗಿತ್ತು. ಒಂದೂವರೆ ವರ್ಷ ದಾಟಿದ ಮಕ್ಕಳನ್ನು ಅದು ಚೆನ್ನಾಗಿಯೇ ಕಾಪಾಡಿತು. ಅದಕ್ಕಿಂತ ಚಿಕ್ಕವರಲ್ಲಿ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಆದರೆ ಹಿಬ್ ಮೆನಿಂಜೈಟಿಸ್ ಜಾಸ್ತಿ ಬರುವುದೇ ಒಂದೂವರೆ ವರ್ಷದ ಒಳಗಿನ ಮಕ್ಕಳಿಗೆ! 1985ರಲ್ಲಿ ಅಮೆರಿಕ ಇದೇ ಬಗೆಯ ಲಸಿಕೆಗೆ ಒಪ್ಪಿಗೆ ಕೊಟ್ಟಾಗಲೂ ಎರಡು ವರ್ಷ ತುಂಬಿದ ಮೇಲೆ ಹಾಕಿ ಎಂದೇ ಹೇಳಬೇಕಾಯಿತು. ಆ ಕಾಲದಲ್ಲಿ ಅಮೆರಿಕ ಒಂದರಲ್ಲೇ ವರ್ಷಕ್ಕೆ ಐದು ವರ್ಷದೊಳಗಿನ ಸುಮಾರು 20,000 ಮಕ್ಕಳು ಹಿಬ್‌ನಿಂದ ತೀವ್ರವಾಗಿ ಕಾಯಿಲೆ ಬೀಳುತ್ತಿದ್ದರು. ಸುಮಾರು ಸಾವಿರ ಮಕ್ಕಳು ಸಾಯುತ್ತಿದ್ದರು. ಯಾರಿಗೆ ಬೇಕೋ ಅವರಿಗೆ ಬಿಟ್ಟು ಮಿಕ್ಕವರಿಗೆಲ್ಲ ಕೆಲಸ ಮಾಡುವ ಲಸಿಕೆ ಕೈಲಿತ್ತು.

ಹೀಗೇಕೆ ಅನ್ನುವುದಕ್ಕೆ ಉತ್ತರ ಆ ಸಕ್ಕರೆಯಲ್ಲೇ ಇದೆ. ನಮ್ಮ ರೋಗನಿರೋಧಕ ವ್ಯವಸ್ಥೆಗೆ ಸಕ್ಕರೆ ಕಾಣುತ್ತದೆ. ನೆನಪಿನಲ್ಲಿ ಉಳಿಯುವುದಿಲ್ಲ. ಎಳೆ ಕೂಸುಗಳಿಗಂತೂ ಸರಿಯಾಗಿ ಕಾಣುವುದೂ ಇಲ್ಲ.

ಮೊದಲು ಈ ಸಕ್ಕರೆ ಏನು ಅಂತ ನೋಡೋಣ. ಡಬ್ಬಿಯಲ್ಲಿರುವ ಸಕ್ಕರೆಯ ಜಾತಿಯದೇ, ಆದರೆ ನೂರಾರು ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಉದ್ದ ಸರಪಳಿ. ಇದಕ್ಕೆ ಪಾಲಿಸ್ಯಾಕರೈಡ್ ಎನ್ನುತ್ತಾರೆ. ಹಿಬ್‌ನ ಸರಪಳಿಯಲ್ಲಿ ರೈಬೋಸ್, ರೈಬಿಟಾಲ್, ಫಾಸ್ಫೇಟ್ ಎಂಬ ಮೂರು ತುಂಡುಗಳು ಅದೇ ಕ್ರಮದಲ್ಲಿ ಮತ್ತೆ ಮತ್ತೆ ಬರುತ್ತವೆ. ಬೇರೆ ಬ್ಯಾಕ್ಟೀರಿಯಾದಲ್ಲಿ ತುಂಡುಗಳು ಬೇರೆ, ಕೊಂಡಿ ಹಾಕುವ ರೀತಿ ಬೇರೆ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಒಂದರಲ್ಲೇ 100ಕ್ಕೂ ಜಾಸ್ತಿ ಬಗೆಯ ಸರಪಳಿಗಳಿವೆ. ಒಂದೊಂದು ಬಗೆಗೆ ಒಂದೊಂದು ಸೀರೋಟೈಪ್ ಅಂತ ಅಂಕಿ ಕೊಟ್ಟಿದ್ದಾರೆ. ಇಂಥ ಸರಪಳಿಗಳು ಒತ್ತೊತ್ತಾಗಿ ಸೇರಿ ಬ್ಯಾಕ್ಟೀರಿಯಾದ ಸುತ್ತ ನೀರು ತುಂಬಿದ ಲೋಳೆ ಪದರ ಕಟ್ಟುತ್ತವೆ. ಇದೇ ಕ್ಯಾಪ್ಸೂಲ್.

ಕ್ಯಾಪ್ಸೂಲ್ ಮಾಡುವ ಕೆಲಸ ತಿಳಿಯಲು ಹಳೆಯ ಕಾಲದ ಕಳ್ಳರನ್ನು ನೆನೆಸಿಕೊಂಡರೆ ಸಾಕು. ಮೈಗೆಲ್ಲ ಎಣ್ಣೆ ಬಳಿದುಕೊಂಡು ಕನ್ನ ಹಾಕಲು ಹೋಗುತ್ತಿದ್ದರಂತೆ. ಯಾರಾದರೂ ಹಿಡಿದರೂ ಕೈಗೆ ಸಿಗದೆ ಜಾರಿಕೊಳ್ಳಲು. ನಮ್ಮ ರಕ್ತದಲ್ಲಿ ಬ್ಯಾಕ್ಟೀರಿಯಾ ನುಂಗುವ ಬಿಳಿ ರಕ್ತಕಣಗಳಿವೆ. ಅವಕ್ಕೆ ಹಿಡಿತ ಸಿಗಲೆಂದು ಕಾಂಪ್ಲಿಮೆಂಟ್ ಅನ್ನುವ ಪ್ರೋಟೀನುಗಳು ಬ್ಯಾಕ್ಟೀರಿಯಾದ ಮೈಗೆ ಹೋಗಿ ಅಂಟಿಕೊಳ್ಳುತ್ತವೆ. ಕ್ಯಾಪ್ಸೂಲ್ ಇದ್ದರೆ ಈ ಪ್ರೋಟೀನುಗಳು ಸರಿಯಾಗಿ ಅಂಟುವುದಿಲ್ಲ. ಅಂಟಿದರೂ ಲೋಳೆಯ ಅಡಿಯಲ್ಲಿ ಹುದುಗಿ ಹೋಗುತ್ತವೆ. ಬಿಳಿ ರಕ್ತಕಣ ಬಂದು ತಡವಿ ನೋಡುತ್ತದೆ, ಹಿಡಿಯಲು ಏನೂ ಸಿಗುವುದಿಲ್ಲ.

ಇದು ಎಷ್ಟು ದೊಡ್ಡ ವ್ಯತ್ಯಾಸ ಅನ್ನುವುದಕ್ಕೆ ಸಾಕ್ಷಿ ನಮ್ಮ ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲೇ ಇದೆ. ಫ್ರೆಡೆರಿಕ್ ಗ್ರಿಫಿತ್ 1928ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗ. ನುಣುಪಾಗಿ ಹೊಳೆಯುವ ಎಸ್ ನ್ಯುಮೋಕಾಕಸ್ ಚುಚ್ಚಿದರೆ ಇಲಿ ಸಾಯುತ್ತದೆ, ಒರಟಾಗಿ ಕಾಣುವ ಆರ್ ಚುಚ್ಚಿದರೆ ಬದುಕುತ್ತದೆ. ಡಿಎನ್‌ಎ ಕತೆಯ ಮುನ್ನುಡಿ ಅಂತ ನಾವೆಲ್ಲ ಅದನ್ನು ಬಾಯಿಪಾಠ ಮಾಡಿದ್ದೇವೆ. ಇಲಿ ಸಾಯಲು ಕಾರಣವೇನು ಅಂತ ಆಗ ಯಾರೂ ಜಾಸ್ತಿ ಕೇಳುವುದಿಲ್ಲ. ಆ ನುಣುಪು ಕ್ಯಾಪ್ಸೂಲಿನದು. ಉಳಿದಂತೆ ಎರಡೂ ಒಂದೇ ಜಾತಿಯ ಬ್ಯಾಕ್ಟೀರಿಯಾ.

ಕ್ಯಾಪ್ಸೂಲಿಗೆ ಒಂದು ದೌರ್ಬಲ್ಯವೂ ಇದೆ. ಅದಕ್ಕೆ ಸರಿಹೊಂದುವ ಆಂಟಿಬಾಡಿ ರಕ್ತದಲ್ಲಿದ್ದರೆ ಆಟ ಮುಗಿಯಿತು. ಆಂಟಿಬಾಡಿಯ ಒಂದು ತುದಿ ಸಕ್ಕರೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ಹೊರಗೆ ಚಾಚಿಕೊಂಡಿರುತ್ತದೆ. ಬಿಳಿ ರಕ್ತಕಣಕ್ಕೆ ಆ ತುದಿ ಸಿಕ್ಕರೆ ಸಾಕು, ಬ್ಯಾಕ್ಟೀರಿಯಾವನ್ನು ಎಳೆದು ನುಂಗುತ್ತದೆ. ಆಂಟಿಬಾಡಿ ಹೀಗೆ ಸಕ್ಕರೆಗೆ ಅಂಟುವುದನ್ನು ಮೈಕ್ರೋಸ್ಕೋಪಿನಲ್ಲಿ ಕಣ್ಣಾರೆ ನೋಡಬಹುದು. ರೋಗಿಯ ಕಫದ ಒಂದು ಹನಿಗೆ ಸರಿಯಾದ ಸೀರಮ್, ಅಂದರೆ ಆಂಟಿಬಾಡಿ ಇರುವ ರಕ್ತದ ತಿಳಿ, ಬೆರೆಸಿದರೆ, ಅದುವರೆಗೆ ಕಂಡೂ ಕಾಣದಂತಿದ್ದ ಕ್ಯಾಪ್ಸೂಲಿನ ಅಂಚು ಎದ್ದು ಕಾಣತೊಡಗುತ್ತದೆ. ಬ್ಯಾಕ್ಟೀರಿಯಾ ಊದಿಕೊಂಡ ಹಾಗೆ ತೋರುತ್ತದೆ. ಜರ್ಮನಿಯ ಫ್ರೆಡ್ ನ್ಯೂಫೆಲ್ಡ್ 1902ರಲ್ಲಿ ಗಮನಿಸಿದ ಸಂಗತಿ ಇದು. ಆಂಟಿಬಯಾಟಿಕ್ ಬರುವ ಮೊದಲು ನ್ಯುಮೋನಿಯಾಕ್ಕೆ ಕುದುರೆ ಅಥವಾ ಮೊಲದ ಸೀರಮ್ಮೇ ಮದ್ದಾಗಿತ್ತು. ಯಾವ ಟೈಪಿನ ಬ್ಯಾಕ್ಟೀರಿಯಾ ಅಂತ ಗೊತ್ತಾಗದೆ ಸೀರಮ್ ಕೊಟ್ಟು ಪ್ರಯೋಜನ ಇರಲಿಲ್ಲ. ಹಾಗಾಗಿ ಆಸ್ಪತ್ರೆಗಳಲ್ಲಿ ರಾತ್ರಿಯೆಲ್ಲ ಕೂತು ಒಂದೊಂದೇ ಸೀರಮ್ ಬೆರೆಸಿ ನೋಡುತ್ತಿದ್ದರು.

ಆದರೆ ಕ್ಯಾಪ್ಸೂಲ್ ಸಕ್ಕರೆಯಿಂದ ಆಗಿದೆ ಅಂದಾಗ ಬಹಳ ಜನ ನಂಬಲಿಲ್ಲ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಆಸ್ವಾಲ್ಡ್ ಏವರಿ ಮತ್ತು ಆಲ್ಫಾನ್ಸ್ ಡೋಶೆ 1917ರಲ್ಲೇ ನ್ಯುಮೋನಿಯಾ ರೋಗಿಗಳ ರಕ್ತ ಮತ್ತು ಮೂತ್ರದಲ್ಲಿ ಕ್ಯಾಪ್ಸೂಲಿನ ವಸ್ತು ಕರಗಿರುವುದನ್ನು ಕಂಡಿದ್ದರು. ಇವತ್ತಿಗೂ ಆಸ್ಪತ್ರೆಗಳಲ್ಲಿ ಮೂತ್ರದಲ್ಲಿ ನ್ಯುಮೋಕಾಕಸ್ಸಿನ ಸಕ್ಕರೆ ಹುಡುಕುವ ಪರೀಕ್ಷೆ ಇದೆ. ಅದು ಪ್ರೋಟೀನ್ ಅಲ್ಲ, ಪಾಲಿಸ್ಯಾಕರೈಡ್ ಅಂತ 1923ರಲ್ಲಿ ತೋರಿಸಿದ್ದು ಏವರಿ ಮತ್ತು ರಸಾಯನಶಾಸ್ತ್ರಜ್ಞ ಮೈಕೆಲ್ ಹೈಡೆಲ್‌ಬರ್ಗರ್. ದೇಹ ಗುರುತು ಹಿಡಿಯುವುದು ಪ್ರೋಟೀನನ್ನು ಮಾತ್ರ ಅನ್ನುವುದು ಆಗಿನ ನಂಬಿಕೆ. ಶುದ್ಧ ಮಾಡುವಾಗ ಎಲ್ಲೋ ಚೂರು ಪ್ರೋಟೀನ್ ಉಳಿದುಬಿಟ್ಟಿರಬೇಕು ಅಂತ ವಿರೋಧಿಗಳ ವಾದ. ಇದೇ ಏವರಿ ಮುಂದೆ 1944ರಲ್ಲಿ ಗ್ರಿಫಿತ್‌ನ ಒಗಟನ್ನು ಬಿಡಿಸಿ, ವಂಶವಾಹಿ ವಸ್ತು ಡಿಎನ್‌ಎ ಎಂದಾಗಲೂ ಅವರು ಕೇಳಬೇಕಾಗಿ ಬಂದದ್ದು ಅದೇ ಮಾತು. ಪಾಪ!

ಆದರೂ ವಿರೋಧಿಗಳ ಅನುಮಾನದಲ್ಲಿ ಸ್ವಲ್ಪ ಹುರುಳಿತ್ತು. ಶುದ್ಧ ಸಕ್ಕರೆಯನ್ನು ಮೊಲಕ್ಕೆ ಚುಚ್ಚಿದರೆ ಆಂಟಿಬಾಡಿ ಹುಟ್ಟುತ್ತಿರಲಿಲ್ಲ. ಬ್ಯಾಕ್ಟೀರಿಯಾವನ್ನೇ ಇಡಿಯಾಗಿ ಕೊಂದು ಚುಚ್ಚಿದರೆ ಹುಟ್ಟುತ್ತಿತ್ತು. ಸಕ್ಕರೆ ಅದೇ. ಹಾಗಿದ್ದರೆ ಇಡೀ ಬ್ಯಾಕ್ಟೀರಿಯಾದಲ್ಲಿ ಇನ್ನೇನು ಇತ್ತು?

ಇದಕ್ಕೆ ಉತ್ತರ ಸಿಗಬೇಕಾದರೆ ಆಂಟಿಬಾಡಿ ಹುಟ್ಟುವ ಜಾಗಕ್ಕೆ ಹೋಗಬೇಕು. ಆಂಟಿಬಾಡಿ ತಯಾರಿಸುವುದು ಬಿ ಕೋಶಗಳು. ಒಂದೊಂದು ಬಿ ಕೋಶದ ಮೈಮೇಲೂ ಒಂದೊಂದು ನಿರ್ದಿಷ್ಟ ಆಕಾರವನ್ನು ಹಿಡಿಯುವ ಗ್ರಾಹಕಗಳಿರುತ್ತವೆ. ಎದುರಿಗಿರುವುದು ಪ್ರೋಟೀನೋ ಸಕ್ಕರೆಯೋ ಅಂತ ಬಿ ಕೋಶ ನೋಡುವುದಿಲ್ಲ, ಆಕಾರ ಹೊಂದಿದರೆ ಹಿಡಿಯುತ್ತದೆ. ಆದರೆ ಅಷ್ಟಕ್ಕೇ ಅದು ಪೂರ್ತಿ ಎಚ್ಚೆತ್ತುಕೊಳ್ಳುವುದಿಲ್ಲ. ಸಾಮಾನ್ಯವಾಗಿ ಟಿ ಕೋಶ ಅನ್ನುವ ಇನ್ನೊಂದು ಬಗೆಯ ರೋಗನಿರೋಧಕ ಕೋಶದ ಒಪ್ಪಿಗೆ ಬೇಕು.

ತೊಡಕು ಇರುವುದು ಟಿ ಕೋಶದಲ್ಲಿ. ಅದಕ್ಕೆ ಇಡೀ ವಸ್ತು ಕಾಣುವುದೇ ಇಲ್ಲ. ಬೇರೆ ಕೋಶ ಅದನ್ನು ನುಂಗಿ, ಒಳಗೆ ಜೀರ್ಣಿಸಿ, ಚಿಕ್ಕ ತುಣುಕನ್ನು ಎಂಎಚ್‌ಸಿ ಅನ್ನುವ ಅಣುವಿನ ಸಂದಿನಲ್ಲಿ ಇಟ್ಟು ಹೊರಗೆ ತೋರಿಸಬೇಕು. ಆ ಸಂದಿನಲ್ಲಿ ಚೆನ್ನಾಗಿ ಕೂರುವುದು ಪ್ರೋಟೀನಿನ ತುಣುಕು. ಸಕ್ಕರೆ ಸರಪಳಿ ಸಾಮಾನ್ಯವಾಗಿ ಅಲ್ಲಿ ಕೂರುವುದಿಲ್ಲ. ಬಿ ಕೋಶ ಸಕ್ಕರೆಯನ್ನು ಹಿಡಿಯಿತು, ನುಂಗಿತು, ಆದರೆ ಟಿ ಕೋಶಕ್ಕೆ ತೋರಿಸಲು ಅದರ ಹತ್ತಿರ ಏನೂ ಇಲ್ಲ.

ಹಾಗಂತ ಸಕ್ಕರೆಗೆ ಪ್ರತಿಕ್ರಿಯೆ ಇಲ್ಲವೇ ಇಲ್ಲ ಅಂತಲ್ಲ. ಸರಪಳಿಯಲ್ಲಿ ಒಂದೇ ಆಕಾರ ನೂರಾರು ಸಲ ಬರುತ್ತದೆ ಅಂದೆನಲ್ಲ. ಅದು ಒಂದೇ ಬಿ ಕೋಶದ ಹತ್ತಾರು ಗ್ರಾಹಕಗಳನ್ನು ಒಟ್ಟಿಗೆ ಹಿಡಿದು ಎಳೆಯುತ್ತದೆ. ಈ ಒತ್ತಾಯಕ್ಕೆ ಕೆಲವು ಬಿ ಕೋಶಗಳು ಟಿ ಕೋಶದ ಒಪ್ಪಿಗೆ ಇಲ್ಲದೆಯೇ ಆಂಟಿಬಾಡಿ ಮಾಡಲು ಶುರು ಮಾಡುತ್ತವೆ. ಆದರೆ ಆ ಕೆಲಸ ಅರೆಬರೆ. ಹುಟ್ಟುವುದರಲ್ಲಿ ಹೆಚ್ಚಿನ ಪಾಲು ಐಜಿಎಂ ಅನ್ನುವ ಆರಂಭಿಕ ಆಂಟಿಬಾಡಿ. ದಿನ ಕಳೆದಂತೆ ಹಿಡಿತ ಗಟ್ಟಿಯಾಗುವ ಪ್ರಕ್ರಿಯೆ ನಡೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ಸಲಕ್ಕೆ ಬೇಕಾದ ನೆನಪಿನ ಕೋಶಗಳು ಸರಿಯಾಗಿ ಉಳಿಯುವುದಿಲ್ಲ. ಎರಡನೇ ಡೋಸ್ ಕೊಟ್ಟರೆ ಮೊದಲಿಗಿಂತ ಜೋರಾದ ಪ್ರತಿಕ್ರಿಯೆ ಬರಬೇಕು ಅಲ್ವಾ? ಬರೀ ಸಕ್ಕರೆಯ ಲಸಿಕೆಯಲ್ಲಿ ಅದು ಬರುವುದಿಲ್ಲ. ಮೆನಿಂಗೊಕಾಕಸ್ಸಿನ ಕೆಲವು ಹಳೆಯ ಲಸಿಕೆಗಳಲ್ಲಿ ಎರಡನೇ ಡೋಸಿಗೆ ಮೊದಲಿಗಿಂತ ಕಡಿಮೆ ಆಂಟಿಬಾಡಿ ಬಂದದ್ದೂ ಇದೆ.

ಲಾಯ್ಡ್ ಫೆಲ್ಟನ್ ಎಂಬ ಅಮೆರಿಕದ ವಿಜ್ಞಾನಿ ಇಲಿಗಳಲ್ಲಿ ಇನ್ನೂ ವಿಚಿತ್ರವಾದದ್ದನ್ನು ಕಂಡಿದ್ದರು. ನ್ಯುಮೋಕಾಕಸ್ ಸಕ್ಕರೆಯನ್ನು ಚೂರೇ ಚೂರು ಕೊಟ್ಟರೆ ಇಲಿಗೆ ರಕ್ಷಣೆ ಸಿಗುತ್ತಿತ್ತು. ಜಾಸ್ತಿ ಕೊಟ್ಟರೆ ಆ ಇಲಿ ಆ ಬ್ಯಾಕ್ಟೀರಿಯಾದ ಮುಂದೆ ತಿಂಗಳುಗಟ್ಟಲೆ ಕೈಕಟ್ಟಿ ಕೂತುಬಿಡುತ್ತಿತ್ತು. ನಮ್ಮಂಥ ಪ್ರಾಣಿಗಳ ದೇಹಕ್ಕೆ ಈ ಸಕ್ಕರೆಗಳನ್ನು ಬೇಗ ಒಡೆದು ಹಾಕಲು ಬರುವುದಿಲ್ಲ. ಅದು ಒಳಗೇ ಉಳಿದು, ಹುಟ್ಟಿದ ಆಂಟಿಬಾಡಿಯನ್ನೂ ಹೀರಿಕೊಳ್ಳುತ್ತದೆ, ಬಿ ಕೋಶಗಳನ್ನೂ ಮಂಕು ಮಾಡುತ್ತದೆ. ರೋಗಿಯ ಮೈಯಲ್ಲಿ ಬ್ಯಾಕ್ಟೀರಿಯಾ ತನ್ನ ಸಕ್ಕರೆಯನ್ನು ಉದುರಿಸಿಕೊಂಡು ಓಡಾಡುವುದರಿಂದಲೂ ಇಂಥದೇ ಲಾಭ ಅದಕ್ಕೆ ಸಿಗುತ್ತದೆ. ನ್ಯುಮೋಕಾಕಸ್ ಸೀರೋಟೈಪ್ 3 ಈ ಕಲೆಯಲ್ಲಿ ಪಳಗಿದ್ದು. ಅದರ ವಿರುದ್ಧ ಲಸಿಕೆಗಳು ಇವತ್ತಿಗೂ ಅಷ್ಟಕ್ಕಷ್ಟೇ.

ಟಿ ಕೋಶದ ನೆರವಿಲ್ಲದೆ ಸಕ್ಕರೆಗೆ ಉತ್ತರ ಕೊಡುವ ಈ ವಿಶೇಷ ಬಿ ಕೋಶಗಳು ಮುಖ್ಯವಾಗಿ ಗುಲ್ಮದಲ್ಲಿವೆ. ಹೊಟ್ಟೆಯ ಎಡಭಾಗದಲ್ಲಿ ಪಕ್ಕೆಲುಬಿನ ಅಡಿ ಇರುವ ಗುಲ್ಮದ ಮೂಲಕ ರಕ್ತ ಸೋಸಿ ಹೋಗುತ್ತದೆ. ಅಲ್ಲಿನ ಅಂಚಿನ ಪಟ್ಟಿಯಲ್ಲಿ ಇವು ಕಾದು ಕೂತಿರುತ್ತವೆ. ಮಗು ಹುಟ್ಟಿದಾಗ ಆ ಪಟ್ಟಿ ಇನ್ನೂ ಬಲಿತಿರುವುದಿಲ್ಲ. ಸುಮಾರು ಎರಡು ವರ್ಷ ಬೇಕು. ಫಿನ್‌ಲ್ಯಾಂಡಿನ ಫಲಿತಾಂಶದ ಒಗಟು ಇಲ್ಲಿಗೆ ಬಿಡಿಸಿಕೊಳ್ಳುತ್ತದೆ. ಹುಟ್ಟಿದ ಮೊದಲ ಕೆಲವು ತಿಂಗಳು ತಾಯಿಯಿಂದ ಬಂದ ಆಂಟಿಬಾಡಿ ಮಗುವನ್ನು ಕಾಯುತ್ತದೆ. ಅದು ಕರಗಿದ ಮೇಲೆ, ಮಗುವಿನದೇ ಆದದ್ದು ಹುಟ್ಟುವ ಮೊದಲು, ನಡುವೆ ಒಂದು ಬರಿದು ಕಾಲ. ಹಿಬ್ ಮೆನಿಂಜೈಟಿಸ್ ಬರುವ ವಯಸ್ಸು ಇದೇ ಬರಿದು ಕಾಲಕ್ಕೆ ಸರಿಹೊಂದುತ್ತದೆ ಅಂತ ಫೊದರ್‌ಗಿಲ್ ಮತ್ತು ರೈಟ್ 1933ರಲ್ಲೇ ತೋರಿಸಿದ್ದರು.

ಗುಲ್ಮದ ಮಾತು ದೊಡ್ಡವರಿಗೂ ಅನ್ವಯಿಸುತ್ತದೆ. ಅಪಘಾತದಲ್ಲಿ ಗುಲ್ಮ ಒಡೆದು ತೆಗೆಸಿಕೊಂಡವರು, ಥಲಸೀಮಿಯಾ ಎಂಬ ರಕ್ತದ ಕಾಯಿಲೆಯಿಂದಾಗಿ ತೆಗೆಸಿಕೊಂಡ ಮಕ್ಕಳು ನಮ್ಮ ನಡುವೆ ಇದ್ದಾರೆ. ಇವರಿಗೆ ನ್ಯುಮೋಕಾಕಸ್‌ನಂಥ ಕ್ಯಾಪ್ಸೂಲ್ ಇರುವ ಬ್ಯಾಕ್ಟೀರಿಯಾದಿಂದ ಜೀವನಪೂರ್ತಿ ಅಪಾಯ ಇರುತ್ತದೆ. ಬೆಳಿಗ್ಗೆ ಬಂದ ಚಳಿಜ್ವರ ಮರುದಿನಕ್ಕೆ ಪ್ರಾಣಕ್ಕೆ ಕುತ್ತು ತರಬಹುದು. ಗುಲ್ಮ ತೆಗೆಯುವ ಆಪರೇಷನ್ ಮೊದಲೇ ಗೊತ್ತಿದ್ದರೆ ಕನಿಷ್ಠ ಎರಡು ವಾರ ಮುಂಚೆ ಈ ಲಸಿಕೆಗಳನ್ನು ಹಾಕಿಸಬೇಕು ಅನ್ನುವುದು ಅದಕ್ಕೇ. ಮನೆಯಲ್ಲಿ ಅಂಥವರಿದ್ದರೆ ಲಸಿಕೆಯ ವಿಷಯವನ್ನು ಡಾಕ್ಟರ ಹತ್ತಿರ ನೀವಾಗಿಯೇ ಎತ್ತಿ.

ಈಗ ಮೊಲದ ಪ್ರಶ್ನೆಗೆ ಬರೋಣ. ಇಡೀ ಬ್ಯಾಕ್ಟೀರಿಯಾದಲ್ಲಿ ಇದ್ದದ್ದು ಪ್ರೋಟೀನು. ಏವರಿ ಮತ್ತು ವಾಲ್ಟರ್ ಗೋಬೆಲ್ 1929ರಿಂದ 1931ರ ನಡುವೆ ಇದನ್ನು ಬೇಕೆಂದೇ ಮಾಡಿ ನೋಡಿದರು. ನ್ಯುಮೋಕಾಕಸ್ ಸೀರೋಟೈಪ್ 3ರ ಸಕ್ಕರೆಯನ್ನು ಕುದುರೆಯ ರಕ್ತದ ಒಂದು ಪ್ರೋಟೀನಿಗೆ ರಾಸಾಯನಿಕವಾಗಿ ಕಟ್ಟಿ ಮೊಲಕ್ಕೆ ಚುಚ್ಚಿದರು. ಅದುವರೆಗೆ ಸುಮ್ಮನಿದ್ದ ಮೊಲ ಆ ಸಕ್ಕರೆಗೆ ಆಂಟಿಬಾಡಿ ಮಾಡಿತು. ಇವತ್ತು ಜಗತ್ತಿನ ಕೋಟ್ಯಂತರ ಮಕ್ಕಳಿಗೆ ಹಾಕುವ ಲಸಿಕೆಯ ಗುಟ್ಟು ಅಷ್ಟು ಹಿಂದೆಯೇ ಗೊತ್ತಿತ್ತು. ಆದರೆ ಸಲ್ಫಾ ಔಷಧಿ ಬಂತು, ಪೆನ್ಸಿಲಿನ್ ಬಂತು. ಇನ್ನು ಲಸಿಕೆ ಯಾಕೆ ಬೇಕು ಅಂತ ಜಗತ್ತು ಕೈಬಿಟ್ಟಿತು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಸೌತ್ ಡಕೋಟದ ಸೈನಿಕ ಶಿಬಿರದಲ್ಲಿ ಬರೀ ಸಕ್ಕರೆಯ ನ್ಯುಮೋಕಾಕಸ್ ಲಸಿಕೆ ದೊಡ್ಡವರಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. ಅದನ್ನು ಮಾರುಕಟ್ಟೆಗೂ ತಂದರು, ಕೇಳುವವರಿಲ್ಲದೆ ವಾಪಸ್ ಪಡೆದರು. ಪೆನ್ಸಿಲಿನ್ ಕೊಟ್ಟರೂ ಮೊದಲ ಐದು ದಿನದಲ್ಲಿ ಸಾಯುವವರ ಸಂಖ್ಯೆ ಇಳಿದಿಲ್ಲ ಅಂತ 1964ರಲ್ಲಿ ರಾಬರ್ಟ್ ಆಸ್ಟ್ರಿಯನ್ ತೋರಿಸಿದ ಮೇಲೆ ಜನ ಮತ್ತೆ ಲಸಿಕೆಯ ಕಡೆ ತಿರುಗಿದರು. ದೊಡ್ಡವರಿಗೆ ಇವತ್ತೂ ಹಾಕುವ 23 ಸೀರೋಟೈಪಿನ ಲಸಿಕೆ 1983ರದು. ಅದು ಬರೀ ಸಕ್ಕರೆಯದೇ.

ಮಕ್ಕಳಿಗಾಗಿ ಹಳೆಯ ಗುಟ್ಟನ್ನು ಮತ್ತೆ ಕೈಗೆತ್ತಿಕೊಂಡವರು ಅಮೆರಿಕದ ಎರಡು ತಂಡಗಳು: ಜಾನ್ ರಾಬಿನ್ಸ್ ಮತ್ತು ರೇಚಲ್ ಶ್ನೀರ್‌ಸನ್ ಒಂದು ಕಡೆ, ಡೇವಿಡ್ ಸ್ಮಿತ್ ಮತ್ತು ಪೋರ್ಟರ್ ಆಂಡರ್ಸನ್ ಇನ್ನೊಂದು ಕಡೆ. ಹಿಬ್ ಸಕ್ಕರೆಯನ್ನು ಮಗುವಿನ ದೇಹಕ್ಕೆ ಚೆನ್ನಾಗಿ ಗೊತ್ತಾಗುವ ಪ್ರೋಟೀನಿಗೆ ಕಟ್ಟಿದರು. ಧನುರ್ವಾಯು ಅಥವಾ ಗಂಟಲಮಾರಿಯ ವಿಷವನ್ನು ನಿರಪಾಯ ಮಾಡಿದರೆ ಸಿಗುವ ಪ್ರೋಟೀನು ಇದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಹೀಗೆ ಕಟ್ಟಿದ್ದಕ್ಕೆ ಕಾಂಜುಗೇಟ್ ಲಸಿಕೆ ಅಂತ ಹೆಸರು. 1987ರಲ್ಲಿ ಮೊದಲ ಕಾಂಜುಗೇಟ್‌ಗೆ ಒಪ್ಪಿಗೆ ಸಿಕ್ಕಿತು, 1990ರಲ್ಲಿ ಎರಡು ತಿಂಗಳ ಕೂಸಿಗೂ. ಅಮೆರಿಕದ ಚಿಕ್ಕ ಮಕ್ಕಳಲ್ಲಿ ಹಿಬ್ ಕಾಯಿಲೆ ಶೇಕಡ 99ಕ್ಕಿಂತ ಜಾಸ್ತಿ ಇಳಿಯಿತು. ನಾಲ್ವರಿಗೂ 1996ರ ಲಾಸ್ಕರ್ ಪ್ರಶಸ್ತಿ ಬಂತು.

ಕಟ್ಟಿದರೆ ಯಾಕೆ ಕೆಲಸ ಮಾಡುತ್ತದೆ ಅನ್ನುವುದೇ ಈ ಕತೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ. ಆರು ವಾರದ ಒಂದು ಮಗುವಿನ ತೊಡೆಗೆ ಲಸಿಕೆ ಬಿದ್ದಿದೆ ಅಂದುಕೊಳ್ಳಿ. ಹತ್ತಿರದ ಹಾಲ್ರಸ ಗ್ರಂಥಿಯಲ್ಲಿ (ಲಿಂಫ್ ನೋಡ್) ಹಿಬ್ ಸಕ್ಕರೆಯನ್ನು ಹಿಡಿಯಬಲ್ಲ ಒಂದು ಬಿ ಕೋಶ ಇದೆ. ಅದು ಸಕ್ಕರೆಯನ್ನು ಹಿಡಿಯುತ್ತದೆ. ಸಕ್ಕರೆಯ ಜೊತೆಗೆ ಕಟ್ಟಿದ ಪ್ರೋಟೀನೂ ಒಳಗೆ ಬರುತ್ತದೆ. ಒಳಗೆ ಪ್ರೋಟೀನು ತುಣುಕಾಗುತ್ತದೆ, ತುಣುಕು ಎಂಎಚ್‌ಸಿ ಸಂದಿನಲ್ಲಿ ಕೂರುತ್ತದೆ, ಹೊರಗೆ ಕಾಣುತ್ತದೆ. ಅಲ್ಲೇ ಓಡಾಡುತ್ತಿರುವ ಟಿ ಕೋಶಕ್ಕೆ ಆ ಧನುರ್ವಾಯು ಪ್ರೋಟೀನಿನ ತುಣುಕು ಕಂಡು, ಅದು ಬಿ ಕೋಶಕ್ಕೆ ಒಪ್ಪಿಗೆ ಕೊಡುತ್ತದೆ. ಟಿ ಕೋಶ ಒಪ್ಪಿಗೆ ಕೊಟ್ಟದ್ದು ಪ್ರೋಟೀನಿಗೆ. ಆದರೆ ಬಿ ಕೋಶ ತಯಾರಿಸುವ ಆಂಟಿಬಾಡಿ ಸಕ್ಕರೆಯದು! ಟಿ ಕೋಶಕ್ಕೆ ಸಕ್ಕರೆಯ ಸುದ್ದಿಯೇ ಗೊತ್ತಿಲ್ಲ. ಆಮೇಲೆ ನಡೆಯುವುದೆಲ್ಲ ಸರಿಯಾದ ದಾರಿಯಲ್ಲೇ: ಐಜಿಎಂ ಹೋಗಿ ಐಜಿಜಿ ಅನ್ನುವ ಮುಂದಿನ ಹಂತದ ಆಂಟಿಬಾಡಿ ಬರುತ್ತದೆ, ಹಿಡಿತ ಗಟ್ಟಿಯಾಗುತ್ತದೆ, ನೆನಪಿನ ಕೋಶಗಳು ಉಳಿಯುತ್ತವೆ. ಗುಲ್ಮದ ಪಟ್ಟಿ ಬಲಿಯುವವರೆಗೆ ಕಾಯಬೇಕಿಲ್ಲ. ಸಕ್ಕರೆ ಮತ್ತು ಪ್ರೋಟೀನನ್ನು ಸುಮ್ನೆ ಒಂದೇ ಸೀಸೆಯಲ್ಲಿ ಬೆರೆಸಿದರೆ ಇದು ಆಗುವುದಿಲ್ಲ. ರಾಸಾಯನಿಕ ಕೊಂಡಿ ಬೇಕೇ ಬೇಕು, ಎರಡೂ ಒಂದೇ ಬಿ ಕೋಶದ ಒಳಗೆ ಹೋಗಬೇಕಲ್ಲ.

ನಮ್ಮೂರ ಅಂಗನವಾಡಿಯಲ್ಲಿ ಈ ವಿಜ್ಞಾನ ಸೀಸೆಯ ಲೇಬಲ್ಲಿನಲ್ಲೇ ಇದೆ. 6, 10, 14ನೇ ವಾರಕ್ಕೆ ಹಾಕುವ ಪೆಂಟಾವೇಲೆಂಟ್‌ನಲ್ಲಿರುವ ಐದರಲ್ಲಿ ಒಂದು ಹಿಬ್. ಅದು ಧನುರ್ವಾಯು ಪ್ರೋಟೀನಿಗೆ ಕಟ್ಟಿದ 10 ಮೈಕ್ರೋಗ್ರಾಂ ಸಕ್ಕರೆ. ದೇಶದಲ್ಲಿ ಇದು 2011ರ ಡಿಸೆಂಬರಿನಲ್ಲಿ ಕೇರಳ ಮತ್ತು ತಮಿಳುನಾಡಿನಲ್ಲಿ ಶುರುವಾಯಿತು. ತಾಯಿ ಕಾರ್ಡಿನಲ್ಲಿ ಪಿಸಿವಿ ಅಂತ ಬರೆದಿರುವುದು ನ್ಯುಮೋಕಾಕಸ್ ಕಾಂಜುಗೇಟ್. 6ನೇ ವಾರ, 14ನೇ ವಾರ, ಆಮೇಲೆ 9ನೇ ತಿಂಗಳಿಗೆ ಬೂಸ್ಟರ್. 2017ರಲ್ಲಿ ಕೆಲವೇ ರಾಜ್ಯಗಳಲ್ಲಿ ಶುರುವಾದದ್ದು 2021ರಲ್ಲಿ ದೇಶವಿಡೀ ಬಂತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಮಾಡುವ ನ್ಯುಮೋಸಿಲ್‌ನ ಅರ್ಧ ಮಿಲಿಲೀಟರ್ ಡೋಸಿನಲ್ಲಿ ಹತ್ತು ಸೀರೋಟೈಪಿನ ಸಕ್ಕರೆಗಳಿವೆ. 6ಬಿ ಮಾತ್ರ 4 ಮೈಕ್ರೋಗ್ರಾಂ, ಉಳಿದ ಒಂಬತ್ತು ತಲಾ 2. ಒಟ್ಟು 22 ಮೈಕ್ರೋಗ್ರಾಂ, ಬರಿಗಣ್ಣಿಗೆ ಕಾಣುವುದೂ ಕಷ್ಟ. ಇವನ್ನು ಕಟ್ಟಿರುವ ಪ್ರೋಟೀನಿನ ಹೆಸರು ಸಿಆರ್‌ಎಂ197. ಗಂಟಲಮಾರಿಯ ವಿಷದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ ವಿಷ ಕಳೆದುಕೊಂಡ ಅಣು ಅದು.

ಟೈಫಾಯ್ಡ್ ಲಸಿಕೆ ಕೊಡಿಸುವ ಅಪ್ಪ ಅಮ್ಮಂದಿರಿಗೂ ಇದು ಗೊತ್ತಿದ್ದರೆ ಒಳ್ಳೆಯದು. ಟೈಫಾಯ್ಡ್ ಬ್ಯಾಕ್ಟೀರಿಯಾದ ಕ್ಯಾಪ್ಸೂಲಿಗೆ ವಿಐ ಅಂತ ಹೆಸರು. ಬರೀ ವಿಐ ಸಕ್ಕರೆಯ ಹಳೆಯ ಲಸಿಕೆ ಎರಡು ವರ್ಷದ ಮೇಲಿನವರಿಗೆ, ಮೂರು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು. ಕಾಂಜುಗೇಟ್ ಆದರೆ ಆರು ತಿಂಗಳ ಮಗುವಿಗೂ ಆಗುತ್ತದೆ. ಹೈದರಾಬಾದಿನ ಭಾರತ್ ಬಯೋಟೆಕ್ ಮಾಡಿದ ಟೈಫಾಯ್ಡ್ ಕಾಂಜುಗೇಟ್ ಅನ್ನು 2018ರಲ್ಲಿ ನವಿ ಮುಂಬೈನಲ್ಲಿ ಸಾರ್ವಜನಿಕವಾಗಿ ಮಕ್ಕಳಿಗೆ ಹಾಕಲಾಯಿತು.

ಪೆಂಟಾ ಹಾಕಿಸಿದರೆ ಮಗುವಿಗೆ ಜ್ವರ ಬರುತ್ತದೆ ಅಂತ ಹೆದರುವವರಿದ್ದಾರೆ. ಆ ಜ್ವರಕ್ಕೆ ಹೆಚ್ಚಾಗಿ ಕಾರಣ ಅದರಲ್ಲಿರುವ ನಾಯಿಕೆಮ್ಮಿನ ಭಾಗ, ಹಿಬ್ ಅಲ್ಲ. ಅಲ್ಲಿ ಇಡೀ ಬ್ಯಾಕ್ಟೀರಿಯಾವನ್ನೇ ಕೊಂದು ತುಂಬಿರುತ್ತಾರೆ. ಅದರ ಹೊರಪೊರೆಯಲ್ಲಿ ಅರ್ಧ ಕೊಬ್ಬು, ಅರ್ಧ ಸಕ್ಕರೆ ಇರುವ ಇನ್ನೊಂದು ಅಣು ಇದೆ. ಇದೂ ಬ್ಯಾಕ್ಟೀರಿಯಾದ ಸಕ್ಕರೆಗಳ ಬಳಗವೇ, ಲಿಪೊಪಾಲಿಸ್ಯಾಕರೈಡ್. ಇದರ ಕೊಬ್ಬಿನ ತುದಿಯನ್ನು ಗುರುತಿಸಲೆಂದೇ ನಮ್ಮ ಕೋಶಗಳಲ್ಲಿ ಟಿಎಲ್‌ಆರ್4 ಎಂಬ ಗ್ರಾಹಕ ಇದೆ. ಇದಕ್ಕೆ ಕಲಿಕೆ ಬೇಡ, ಹುಟ್ಟಿನಿಂದಲೇ ಗೊತ್ತು. ಸ್ವಲ್ಪ ಸಿಕ್ಕರೆ ಜ್ವರ, ರಕ್ತದಲ್ಲಿ ತುಂಬಿ ಹರಿದರೆ ಸೆಪ್ಸಿಸ್ ಅನ್ನುವ ಪ್ರಾಣಾಪಾಯದ ಸ್ಥಿತಿ. ಈ ಗ್ರಾಹಕವನ್ನು 1998ರಲ್ಲಿ ಪತ್ತೆ ಹಚ್ಚಿದ ಬ್ರೂಸ್ ಬಾಯ್ಟ್ಲರ್ ಅವರಿಗೆ 2011ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಕಾಂಜುಗೇಟ್ ಲಸಿಕೆಯಿಂದ ಯಾರೂ ಅಷ್ಟಾಗಿ ನಿರೀಕ್ಷಿಸದ ಲಾಭವೂ ಬಂತು. ಬ್ಯಾಕ್ಟೀರಿಯಾ ಮೂಗು, ಗಂಟಲಲ್ಲಿ ನೆಲೆಯೂರುವುದನ್ನೇ ಅದು ತಡೆಯುತ್ತದೆ. ಬರೀ ಸಕ್ಕರೆಯ ಲಸಿಕೆಗೆ ಆ ಬಲ ಇಲ್ಲ. ಮೊಮ್ಮಗುವಿನ ಮೂಗಿನಲ್ಲಿ ನ್ಯುಮೋಕಾಕಸ್ ಇಲ್ಲದಿದ್ದರೆ ಮುದ್ದಾಡುವ ಅಜ್ಜಿಗೂ ಬರುವುದಿಲ್ಲ. ಅಮೆರಿಕದಲ್ಲಿ 2000ದಲ್ಲಿ ಮಕ್ಕಳಿಗೆ ಲಸಿಕೆ ಶುರು ಮಾಡಿದ ಮೇಲೆ ಹಾಕಿಸಿಕೊಳ್ಳದ ವಯಸ್ಸಾದವರಲ್ಲೂ ಕಾಯಿಲೆ ಇಳಿಯಿತು. ಇದರ ಇನ್ನೂ ದೊಡ್ಡ ಉದಾಹರಣೆ ಆಫ್ರಿಕದಲ್ಲಿದೆ. ಸೆನೆಗಲ್‌ನಿಂದ ಇಥಿಯೋಪಿಯಾವರೆಗಿನ ಪಟ್ಟಿಯಲ್ಲಿ 1996–97ರ ಒಂದೇ ಹಾವಳಿಯಲ್ಲಿ ಸುಮಾರು 2.5 ಲಕ್ಷ ಜನರಿಗೆ ಮೆನಿಂಜೈಟಿಸ್ ಬಂದು 25,000 ಜನ ಸತ್ತಿದ್ದರು. ಕಾರಣ ಹೆಚ್ಚಾಗಿ ಮೆನಿಂಗೊಕಾಕಸ್ ಎ. 2010ರ ಡಿಸೆಂಬರಿನಲ್ಲಿ ಬುರ್ಕಿನಾ ಫಾಸೊದಿಂದ ಶುರುವಾಗಿ ಅಲ್ಲಿ ಹಾಕಿದ ಕಾಂಜುಗೇಟ್ ಲಸಿಕೆ ಪುಣೆಯಲ್ಲೇ ತಯಾರಾದದ್ದು. ಒಂದು ಡೋಸಿಗೆ ಅರ್ಧ ಡಾಲರಿಗಿಂತ ಕಡಿಮೆ. 2017ರ ನಂತರ ಆ ಪಟ್ಟಿಯಲ್ಲಿ ಎ ಗುಂಪಿನ ಒಂದೂ ಪ್ರಕರಣ ಖಚಿತವಾಗಿಲ್ಲ.

ಬ್ಯಾಕ್ಟೀರಿಯಾ ಮಾತ್ರ ಸುಮ್ಮನೆ ಕೂರುವುದಿಲ್ಲ. ಆಂಟಿಬಾಡಿ ಹುಡುಕುವುದು ಸಕ್ಕರೆಯನ್ನು, ಹಾಗಾಗಿ ಸಕ್ಕರೆ ಬದಲಾದರೆ ಹಳೆಯ ಆಂಟಿಬಾಡಿ ವ್ಯರ್ಥ. ನ್ಯುಮೋಕಾಕಸ್‌ನ ಮೊದಲ ಏಳು ಸೀರೋಟೈಪಿನ ಲಸಿಕೆ ಬಂದ ಮೇಲೆ ಅದರಲ್ಲಿ ಇಲ್ಲದ 19ಎ ತಲೆ ಎತ್ತಿತು. ಅದನ್ನೂ ಸೇರಿಸಿ 13ರ ಲಸಿಕೆ 2010ರಲ್ಲಿ ಬಂತು. ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯಂಥ ಕಡೆ ನಮ್ಮ ಮಕ್ಕಳಲ್ಲಿ ಯಾವ ಸೀರೋಟೈಪ್ ಓಡಾಡುತ್ತಿದೆ ಅಂತ ಲೆಕ್ಕ ಇಡುವುದು ಇದಕ್ಕಾಗಿಯೇ. ಕಾಲರಾದಲ್ಲಂತೂ ಈ ಬದಲಾವಣೆ ನಮ್ಮ ಪಕ್ಕದಲ್ಲೇ ಆಯಿತು. ಕಾಲರಾ ಬ್ಯಾಕ್ಟೀರಿಯಾದ ಲಿಪೊಪಾಲಿಸ್ಯಾಕರೈಡಿನ ಹೊರತುದಿಯಲ್ಲಿ ಒ ಅನ್ನುವ ಸಕ್ಕರೆ ಬಾಲ ಇರುತ್ತದೆ. ಅದುವರೆಗೆ ದೊಡ್ಡ ಹಾವಳಿ ಎಬ್ಬಿಸುತ್ತಿದ್ದದ್ದು ಒ1 ಮಾತ್ರ. 1992ರಲ್ಲಿ ಮದ್ರಾಸಿನಲ್ಲಿ ಒ139 ಎಂಬ ಹೊಸದು ಕಾಣಿಸಿತು. ಹಳೆಯ ಬ್ಯಾಕ್ಟೀರಿಯಾವೇ ತನ್ನ ಸಕ್ಕರೆ ಬಾಲದ ಜೀನುಗಳನ್ನು ಬದಲಾಯಿಸಿಕೊಂಡಿತ್ತು. ಕಾಲರಾ ಮೊದಲಿನಿಂದಲೂ ಇದ್ದ ಊರುಗಳಲ್ಲಿ ದೊಡ್ಡವರಿಗೆ ಸ್ವಲ್ಪ ರಕ್ಷಣೆ ಇರುತ್ತದೆ, ಮಕ್ಕಳೇ ಜಾಸ್ತಿ ಬೀಳುತ್ತಾರೆ. ಒ139 ಬಂದಾಗ ದೊಡ್ಡವರೇ ಸಾಲುಸಾಲಾಗಿ ಬಿದ್ದರು. ಒ1ಕ್ಕೆ ಕಲಿತ ಆಂಟಿಬಾಡಿ ಇದಕ್ಕೆ ಲೆಕ್ಕಕ್ಕೇ ಬರಲಿಲ್ಲ.

ಇನ್ನೂ ಜಾಣ ಬ್ಯಾಕ್ಟೀರಿಯಾಗಳಿವೆ. ಅವು ನಮ್ಮದೇ ಸಕ್ಕರೆ ತೊಟ್ಟುಕೊಳ್ಳುತ್ತವೆ. ಮೆನಿಂಗೊಕಾಕಸ್ ಬಿ ಗುಂಪಿನ ಕ್ಯಾಪ್ಸೂಲ್ ಸಯಾಲಿಕ್ ಆಮ್ಲದ ಸರಪಳಿ. ಹೊಟ್ಟೆಯಲ್ಲಿರುವ ಮಗುವಿನ ನರಕೋಶಗಳ ಮೇಲೂ ಅದೇ ಸರಪಳಿ ಇದೆ. ದೇಹ ಅದನ್ನು ತನ್ನದೇ ಅಂತ ಬಿಟ್ಟುಬಿಡುತ್ತದೆ. ಕಾಂಜುಗೇಟ್ ಮಾಡಿ ಬಲವಂತವಾಗಿ ಆಂಟಿಬಾಡಿ ಹುಟ್ಟಿಸಿದರೆ ಅದು ನಮ್ಮ ನರಕ್ಕೇ ತಿರುಗಬಹುದು ಅನ್ನುವ ಭಯ. ಹಾಗಾಗಿ ಬಿ ಗುಂಪಿನ ಲಸಿಕೆಗಳಲ್ಲಿ ಸಕ್ಕರೆ ಬಿಟ್ಟು ಪ್ರೋಟೀನ್ ಬಳಸಿದ್ದಾರೆ. ಆ ಭಯ ಬರೀ ಊಹೆಯದೂ ಅಲ್ಲ. ಕ್ಯಾಂಪಿಲೊಬ್ಯಾಕ್ಟರ್ ಎಂಬ ಬೇಧಿ ತರುವ ಬ್ಯಾಕ್ಟೀರಿಯಾದ ಹೊರಸಕ್ಕರೆ ನಮ್ಮ ನರದ ಜಿಎಂ1 ಎಂಬ ಅಣುವನ್ನು ಹೋಲುತ್ತದೆ. ಬೇಧಿ ವಾಸಿಯಾದ ಕೆಲವು ವಾರಗಳಲ್ಲಿ ಅಪರೂಪಕ್ಕೆ ಕೆಲವರ ಕೈಕಾಲು ಶಕ್ತಿ ಕಳೆದುಕೊಳ್ಳುವುದಕ್ಕೆ, ಅಂದರೆ ಗಿಲಾನ್ ಬಾರೆ ಸಿಂಡ್ರೋಮಿಗೆ, ಇದೇ ಒಂದು ಕಾರಣ.

ರಕ್ತದ ಗುಂಪಿನ ವಿಷಯವೂ ಇದಕ್ಕೆ ಸೇರಿದ್ದೇ. ಎ, ಬಿ ಗುಂಪು ಅಂದರೆ ಕೆಂಪು ರಕ್ತಕಣದ ಮೇಲಿನ ಸಕ್ಕರೆಗಳು. ಎ ಗುಂಪಿನವರು ಬಿ ರಕ್ತವನ್ನು ಜೀವನದಲ್ಲಿ ನೋಡಿರುವುದಿಲ್ಲ, ಆದರೂ ಅವರಲ್ಲಿ ಬಿ ವಿರುದ್ಧ ಆಂಟಿಬಾಡಿ ಇರುತ್ತದೆ. ಎಲ್ಲಿಂದ ಬಂತು? ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ ಅಂಥದೇ ಸಕ್ಕರೆಗಳಿವೆ. ಹುಟ್ಟಿದ ಕೆಲವು ತಿಂಗಳಲ್ಲಿ ಮಗು ಅವುಗಳಿಗೆ ಆಂಟಿಬಾಡಿ ಕಲಿಯುತ್ತದೆ. ಬ್ಯಾಕ್ಟೀರಿಯಾ ಸೋಕದ ಹಾಗೆ ಬೆಳೆಸಿದ ಕೋಳಿಮರಿಗಳಲ್ಲಿ ಈ ಆಂಟಿಬಾಡಿ ಹುಟ್ಟಲಿಲ್ಲ ಅಂತ 1959ರಲ್ಲಿ ಜಾರ್ಜ್ ಸ್ಪ್ರಿಂಗರ್ ತಂಡ ತೋರಿಸಿತು.

ಸಕ್ಕರೆ ಎಂಎಚ್‌ಸಿ ಸಂದಿನಲ್ಲಿ ಕೂರುವುದಿಲ್ಲ ಅಂದೆ. ಅದಕ್ಕೊಂದು ಅಪವಾದ ನಮ್ಮ ಕರುಳಲ್ಲೇ ಇದೆ. ಬ್ಯಾಕ್ಟೀರಾಯ್ಡಿಸ್ ಫ್ರಾಜಿಲಿಸ್ ಎಂಬ ಬ್ಯಾಕ್ಟೀರಿಯಾದ ಪಿಎಸ್‌ಎ ಅನ್ನುವ ಸಕ್ಕರೆಯಲ್ಲಿ ಧನ ಮತ್ತು ಋಣ ವಿದ್ಯುದಂಶಗಳು ಎರಡೂ ಇವೆ. ಈ ಗುಣದಿಂದ ಅದು ಎಂಎಚ್‌ಸಿಯಲ್ಲಿ ಕೂತು ಟಿ ಕೋಶವನ್ನು ನೇರವಾಗಿ ತಟ್ಟುತ್ತದೆ. ಹಾರ್ವರ್ಡಿನ ಡೆನಿಸ್ ಕ್ಯಾಸ್ಪರ್ ಮತ್ತು ಸಾರ್ಕಿಸ್ ಮಜ್ಮಾನಿಯನ್ 2005ರಲ್ಲಿ ಬ್ಯಾಕ್ಟೀರಿಯಾವೇ ಇಲ್ಲದೆ ಬೆಳೆಸಿದ ಇಲಿಗಳ ಕುಂಟು ರೋಗನಿರೋಧಕ ವ್ಯವಸ್ಥೆಯನ್ನು ಈ ಒಂದೇ ಸಕ್ಕರೆ ಸರಿದಾರಿಗೆ ತಂದದ್ದನ್ನು ತೋರಿಸಿದರು. ಕರುಳಿನ ಉರಿಯೂತವನ್ನು ಇಳಿಸುವ ಗುಣವೂ ಇಲಿಗಳಲ್ಲಿ ಕಂಡಿದೆ. ಇಲಿಯಲ್ಲಿ ಆದದ್ದನ್ನು ನೋಡಿ ಮಾರುಕಟ್ಟೆಯ ಪ್ರೋಬಯಾಟಿಕ್ ಡಬ್ಬಿಗಳಿಗೆ ಓಡುವುದು ಮಾತ್ರ ಅವಸರ.

ಈಗ ಭಾರತದ ಮಟ್ಟಿಗೆ ತುರ್ತಾಗಿರುವ ಸಕ್ಕರೆ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ್ದು. ನವಜಾತ ಶಿಶುಗಳ ಐಸಿಯುಗಳಲ್ಲಿ ರಕ್ತದ ಸೋಂಕಿಗೆ ಇದು ಮುಖ್ಯ ಕಾರಣಗಳಲ್ಲಿ ಒಂದು, ದೊಡ್ಡ ದೊಡ್ಡ ಆಂಟಿಬಯಾಟಿಕ್‌ಗೂ ಬಗ್ಗುತ್ತಿಲ್ಲ. ಸೋಂಕು ಹುಟ್ಟಿದ ಮೊದಲ ಕೆಲವೇ ದಿನಗಳಲ್ಲಿ ಬರುವುದರಿಂದ ಮಗುವಿಗೆ ಲಸಿಕೆ ಹಾಕಿ ಕಾಯುವಷ್ಟು ಸಮಯ ಇಲ್ಲ. ಗರ್ಭಿಣಿಗೆ ಹಾಕಬೇಕು. ಐಜಿಎಂ ಮಾಸು ದಾಟುವುದಿಲ್ಲ, ಐಜಿಜಿ ದಾಟುತ್ತದೆ. ಹಾಗಾಗಿ ಕಾಂಜುಗೇಟ್ ದಾರಿ ವಿಜ್ಞಾನಿಗಳ ಕಣ್ಣಿಗೆ ಬಿದ್ದಿದೆ. ಆದರೆ ಯಾವ ಸಕ್ಕರೆಯನ್ನು ಕಟ್ಟುವುದು? ಕ್ಲೆಬ್ಸಿಯೆಲ್ಲಾದ ಕ್ಯಾಪ್ಸೂಲಿನಲ್ಲಿ 70ಕ್ಕೂ ಜಾಸ್ತಿ ಬಗೆಗಳಿವೆ, ಎಲ್ಲವನ್ನೂ ಒಂದು ಸೀಸೆಯಲ್ಲಿ ತುಂಬುವುದು ಆಗದ ಮಾತು. ಅದರ ಒ ಸಕ್ಕರೆಯ ಬಗೆಗಳು ತುಂಬ ಕಡಿಮೆ, ಕೆಲವನ್ನು ಆರಿಸಿದರೂ ಹೆಚ್ಚಿನ ಸೋಂಕನ್ನು ಮುಟ್ಟಬಹುದು. ತೊಂದರೆ ಏನೆಂದರೆ ಒ ಸಕ್ಕರೆ ಇರುವುದು ಕ್ಯಾಪ್ಸೂಲಿನ ಅಡಿಯಲ್ಲಿ. ಮೇಲಿನ ಪದರ ದಪ್ಪಗಿದ್ದರೆ ತಾಯಿಯಿಂದ ಬಂದ ಆಂಟಿಬಾಡಿ ಅಲ್ಲಿಯವರೆಗೆ ತಲುಪುತ್ತದೆಯೇ ಅನ್ನುವುದು ಪ್ರಯೋಗಾಲಯಗಳಲ್ಲಿ ಈಗ ನಡೆಯುತ್ತಿರುವ ವಾದ.